ಮೂರನೇ ಹಾಡಿನ ಸೊಳ್ಳೆ

ಮಧ್ಯರಾತ್ರಿ ದಾಟಿದ ಮೇಲೆ ಅವಳ ಫೋನು ಮತ್ತೆ 'ಟಿಣ್' ಎಂದಿತು. ರಾಕ್ ಬ್ಯಾಂಡಿನ ಹೊಸ ಆಲ್ಬಮ್ ಅಂದು ಸಂಜೆಯಷ್ಟೇ ಬಿಡುಗಡೆಯಾಗಿತ್ತು. ಹಾಡು, ವಾದ್ಯಗಳ ದನಿಗಳನ್ನೆಲ್ಲ ಹದವಾಗಿ ಬೆರೆಸಿ ಅದರ ಮಿಕ್ಸಿಂಗ್ ಮಾಡಿದವಳು ಅವಳೇ. 'ಮೂರನೇ ಹಾಡಲ್ಲಿ ಸೊಳ್ಳೆ ಹೊಕ್ಕಿದೆಯಾ?', 'ಮಿಕ್ಸ್ ಮಾಡಿದೋರಿಗೆ ಕಿವಿ ಇರೋದು ಬರೀ ಓಲೆ ಹಾಕ್ಕೊಳ್ಳೋಕಾ?' ಎಂದು ಅಭಿಮಾನಿಗಳು ಬರೆಯುತ್ತಲೇ ಇದ್ದರು. ಹೆಡ್‌ಫೋನಿನಲ್ಲಿ ಎಷ್ಟು ಸಲ ಕೇಳಿದರೂ ಅವಳಿಗೆ ಯಾವ ಸೊಳ್ಳೆಯೂ ಸಿಗಲಿಲ್ಲ. ಕೊನೆಗೆ ಹಾಡನ್ನು ಸ್ಪೀಕರಿಗೆ ಹಾಕಿದಳು.

ಪಕ್ಕದ ಕೋಣೆಯಿಂದ ತಂಗಿ ಕಣ್ಣುಜ್ಜುತ್ತಾ ಎದ್ದು ಬಂದಳು. "ಅಕ್ಕಾ, ಏನೇ ಅದು ಕುಂಯ್ ಅಂತ? ಕಿವಿಗೆ ಸೂಜಿ ಚುಚ್ಚಿದ ಹಾಗಾಗ್ತಿದೆ, ನಿಲ್ಲಿಸೇ."

"ಎಲ್ಲಿ?"

"ಎಲ್ಲಿ ಅಂದ್ರೆ? ಹಾಡಿನ ತುಂಬಾ ಅದೇ ಇದೆಯಲ್ಲೇ! ತಮಾಷೆ ಮಾಡ್ತಿದೀಯಾ?"

ಅಕ್ಕ ಹಾಡು ನಿಲ್ಲಿಸಿದಳು. ವರ್ಷಗಟ್ಟಲೆ ವೇದಿಕೆಯ ಸ್ಪೀಕರುಗಳ ಪಕ್ಕ ನಿಂತು ದುಡಿದ ಕಿವಿಗಳು ಇಂಥ ಚೂಪು ದನಿ ಹಿಡಿಯಲಾರದೆ ಯಾವಾಗ ಸೋತವೋ ಅವಳಿಗೆ ಗೊತ್ತೇ ಆಗಿರಲಿಲ್ಲ. ಅಷ್ಟರಲ್ಲಿ ಬ್ಯಾಂಡಿನ ಗಾಯಕ ಫೋನು ಮಾಡಿದ. "ಅಕ್ಕಾ, ಜನ ಏನಾದ್ರೂ ಅಂದ್ಕೊಳ್ಳಲಿ. ನಿಮಗೆ ಕೇಳಿಸ್ತಾ, ಅದನ್ನ ಹೇಳಿ. ನಮಗೆ ನಿಮ್ಮ ಕಿವೀನೇ ಪ್ರಮಾಣ."

"ಹೂಂ ಕಣಪ್ಪಾ, ಕೇಳಿಸ್ತು. ಬೆಳಿಗ್ಗೆ ತೆಗೆದುಬಿಡ್ತೀನಿ," ಎಂದಳು. ಕೇಳಿಸದ್ದನ್ನು ಎಲ್ಲಿಂದ ಹುಡುಕಿ ತೆಗೆಯುವುದೋ ಅವಳಿಗೆ ತಿಳಿಯಲಿಲ್ಲ. ಎದುರಿಗೇ ನಿಂತಿದ್ದ ತಂಗಿಗೂ ಇದನ್ನು ಹೇಳಬಾರದೆಂಬುದು ಮಾತ್ರ ಆಗಲೇ ನಿಶ್ಚಯವಾಗಿತ್ತು.