ಹಬ್ಬದ ಹಿಂದಿನ ತಾರೀಖು

"ಏನ ಒತ್ತಿದ್ರೂ ಇದ ಬರ್ತೈತಿ ನೋಡಪಾ," ಎನ್ನುತ್ತ ಜಮಾಲಸಾಬ ಮೊಬೈಲನ್ನು ಗಾಜಿನ ಕೌಂಟರಿನ ಮೇಲಿಟ್ಟ. ಹುಬ್ಬಳ್ಳಿಯ ಆಸ್ಪತ್ರೆಯ ಪುಟ ತೆರೆಯಬೇಕಾದಲ್ಲಿ 'ನಿಮ್ಮ ಸಂಪರ್ಕ ಸುರಕ್ಷಿತವಾಗಿಲ್ಲ' ಎಂಬ ಸಾಲೊಂದೇ ಇತ್ತು. ಎಳೆಗೂಸು ಮೊಮ್ಮಗನ ಹೃದಯದಲ್ಲಿ ತೂತಿದೆ ಎಂದಿದ್ದರು. ಅದನ್ನು ನೋಡುವ ದೊಡ್ಡ ಡಾಕ್ಟರು ನಾಳೆ ಬರುವವರು. ಅವರನ್ನು ಕಾಣುವ ಸರದಿ ನಂಬರನ್ನು ಮೊಬೈಲಿನಲ್ಲೇ ಹಿಡಿಯಬೇಕು, ಅದೂ ಇವತ್ತು ಮಧ್ಯಾಹ್ನದೊಳಗೆ.

ಮೊಬೈಲು ರಿಪೇರಿ ಅಂಗಡಿಯ ರುದ್ರೇಶ ಅದನ್ನು ಪಕ್ಕದಲ್ಲಿ ಕೆಲಸಕ್ಕೆ ಕೂತಿದ್ದ ತನುಜಾಳ ಕಡೆ ಸರಿಸಿದ. "ಇಕಿ ಕೈಯಾಗ ಕೊಡ್ರಿ ಚಾಚಾ. ದೇವರು ನಮ್ಮ ತನುಜಾನ ಬಾಯಿಗೆ ಕೀಲಿ ಹಾಕ್ಯಾನ, ಬೆರಳಿಗೆ ಹಾಕಿಲ್ಲ."

"ಬಾಯಿ ಇದ್ದಾವ್ರು ಸವಣೂರಾಗ ಭಾಳ ಮಂದಿ ಅದಾರ ಬಿಡು. ನೀನ ಸಾಕು," ಎಂದು ಜಮಾಲಸಾಬ ನಕ್ಕ. ಚೀಲದಿಂದ ವೀಳ್ಯದೆಲೆಯ ಕವಳಿಯೊಂದನ್ನು ತೆಗೆದು ಅವಳ ಮುಂದಿಟ್ಟ. "ತಗೊ ಬೇಟಿ, ನಮ್ಮ ತೋಟದ್ದು. ಆಗಾಗ ನೀರು ಚಿಮಕಸಿದ್ರ ಬಾಡೂದಿಲ್ಲ."

ತನುಜಾ ತಲೆಯೆತ್ತಲಿಲ್ಲ. ಬೇರೊಂದು ಪುಟ ತೆರೆದು ನೋಡಿದಳು. ಅಲ್ಲೂ ಅದೇ ಸಾಲು. ನೆಟ್ ಸರಿಯಾಗಿಯೇ ಇತ್ತು. ಆಗ ಅವಳ ಕಣ್ಣು ತಾರೀಖಿನ ಮೇಲೆ ಬಿತ್ತು. ಹೊರಗೆ ಜಿಟಿಜಿಟಿ ಮಳೆ, ಬಕ್ರೀದು ಮುಗಿದಾಗಿತ್ತು. ಮೊಬೈಲಿನಲ್ಲಿ ಮಾತ್ರ ಇನ್ನೂ ಬೇಸಿಗೆ, ರಮ್ಜಾನ್ ಹಬ್ಬದ ಹಿಂದಿನ ದಿನ. ತಾರೀಖು ತಪ್ಪಿದ್ದರೆ ಯಾವ ಪುಟವೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಚಾರ್ಜು ಪೂರ್ತಿ ಇಳಿದ ಹಳೆಯ ಮೊಬೈಲುಗಳಲ್ಲಿ ಇದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಆದರೆ ಕೆಟ್ಟ ಮೊಬೈಲು ಹತ್ತಾರು ವರ್ಷ ಹಿಂದೆ ಹೋಗಿ ಕೂಡುತ್ತದೆ, ಹೀಗೆ ಲೆಕ್ಕ ಹಾಕಿದಂತೆ ಹಬ್ಬದ ಹಿಂದಿನ ದಿನಕ್ಕೆ ಬಂದು ನಿಲ್ಲುವುದಿಲ್ಲ. ಕೇಳಬೇಕೆನಿಸಿತು. ಕೇಳುವುದೆಂದರೆ ಅವಳಿಗೆ ಚಿಕ್ಕಂದಿನಿಂದಲೂ ಮಾತೇ ಹೊರಡುತ್ತಿರಲಿಲ್ಲ. ಶಾಲೆ ಬಿಟ್ಟದ್ದೂ ಅದಕ್ಕೇ. ಬಾಯಿ ಬರುವ ಮೊದಲೇ ಬೆರಳು ತಾರೀಖನ್ನು ಇವತ್ತಿಗೆ ತಂದು ನಿಲ್ಲಿಸಿತು.

ಆಸ್ಪತ್ರೆಯ ಪುಟ ತೆರೆಯಿತು. ಕೂಸಿನ ಹೆಸರು ಹಾಕಿ ಒತ್ತಿದಳು, ನಂಬರು ಸಿಕ್ಕಿತು. ಜಮಾಲಸಾಬ ಎರಡೂ ಕೈಯೆತ್ತಿ ಮುಖಕ್ಕೆ ಸವರಿಕೊಂಡ. ಮೊಬೈಲು ಕೈಗೆ ಬಂದೊಡನೆ ಅವನ ಹೆಬ್ಬೆರಳು ರೂಢಿಯಂತೆ ಒಂದು ಕಡೆ ಹೋಯಿತು. ಅಲ್ಲೇ ನಿಂತಿತು. ಮತ್ತೆ ಒತ್ತಿದ. ಕಣ್ಣಿನ ಹತ್ತಿರ ಹಿಡಿದು ನೋಡಿದ.

"ಬೇಟಿ, ಇಲ್ಲೆ ನಮ್ಮ ಶಾಕೀರಾನ ಸ್ಟೇಟಸ್ ಇತ್ತಲ್ಲ."

ತನುಜಾ ಅವನ ಮುಖ ನೋಡಿದಳು. ಅವನ ಮಗಳು ಶಾಕೀರಾ ಈ ಕೂಸಿನ ಹೆರಿಗೆಯಲ್ಲೇ ತೀರಿಕೊಂಡದ್ದು ಓಣಿಗೆಲ್ಲ ಗೊತ್ತಿದ್ದ ಮಾತು.

"ಹಬ್ಬದ ಹಿಂದಿನ ಸಂಜಿಮುಂದ ಹಾಕಿದ್ಲು," ಎಂದ ಜಮಾಲಸಾಬ, ಇನ್ನೂ ಪರದೆಯನ್ನೇ ಸವರುತ್ತ. "ಬಂಕಾಪುರದಾಗ ಗಂಡನ ಮನಿ ಮಾಳಿಗಿ ಮ್ಯಾಲ ನಿಂತು, ಮೆಹಂದಿ ಕೈ ಎತ್ತಿ, ಅಬ್ಬಾ, ಚಾಂದ್ ದೇಖೋ ಅಂತ ಚಂದ್ರನ್ನ ತೋರಸ್ತಾಳ. ಹಬ್ಬ ಮುಗಿಸಿ ಹಡ್ಯಾಕ ನಮ್ಮ ಮನಿಗೆ ಬರಾಕಿ ಇದ್ಲು. ಅವತ್ತ ರಾತ್ರಿನ ಬ್ಯಾನಿ ಬಂದ್ವು, ಆಕಿ ಮೊಬೈಲು ಆಸ್ಪತ್ರಿ ಗದ್ದಲದಾಗ ಕಳೀತು. ಸ್ಟೇಟಸ್ ಒಂದ ದಿನಾ ಇರ್ತೈತಿ ಅಂದ್ರು. ನಮ್ಮ ತಂಗಿ ಮಗ ಅತೀಕ ಹೇಳಿದ, ಮಾಮು, ತಾರೀಖು ಮುಂದ ಹೋಗಗೊಡಬ್ಯಾಡ್ರಿ, ಅದೂ ಹೋಗೂದಿಲ್ಲ ಅಂತ. ದಿನಾ ಮುಂಜಾನೆ ನಮಾಜು ಮುಗಿಸಿ ತಾರೀಖು ಹಿಂದಕ್ಕ ತಿರುವಿ ಇಡ್ತಿದ್ನಿ. ಇವತ್ತ ಮುಂಜಾನೇನೂ ಮಾತಾಡಿದ್ಲು."

ತನುಜಾ ಮೊಬೈಲನ್ನು ಕಿತ್ತುಕೊಂಡಂತೆ ತೆಗೆದುಕೊಂಡಳು. ತಾರೀಖನ್ನು ಮತ್ತೆ ಹಬ್ಬದ ಹಿಂದಿನ ದಿನಕ್ಕೆ ಒಯ್ದಳು. ನೆಟ್ ತೆಗೆದಳು, ಹಾಕಿದಳು, ಮೊಬೈಲು ಆರಿಸಿ ಹಚ್ಚಿದಳು. ಶಾಕೀರಾಳ ಫೋಟೋದ ಸುತ್ತ ಇರಬೇಕಾಗಿದ್ದ ಸ್ಟೇಟಸ್ಸಿನ ಬಳೆ ಮೂಡಲಿಲ್ಲ. ಸ್ಟೇಟಸ್ಸನ್ನು ಮೊಬೈಲಿನಲ್ಲಿ ಉಳಿಸಿಕೊಡುವುದು ಅವಳಿಗೆ ಎಡಗೈಯಲ್ಲಿ ಮಾಡುವಷ್ಟು ಸುಲಭದ ಕೆಲಸ. ಮದುವೆಯದು, ನಾಮಕರಣದ್ದು ಎಂದು ಹುಡುಗಿಯರು ದಿನವೂ ಬಂದು ಉಳಿಸಿಕೊಂಡು ಹೋಗುತ್ತಿದ್ದರು.

"ಇನ್ನ ಬರೂದಿಲ್ಲೇನು?"

ಅವಳು ಇಲ್ಲವೆಂದು ತಲೆಯಾಡಿಸಿದಳು.

ಜಮಾಲಸಾಬ ಹೊರಗಿನ ಮಳೆಯನ್ನು ನೋಡುತ್ತ ನಿಂತ. ಆಮೇಲೆ ಮೆಲ್ಲಗೆ ಕೇಳಿದ. "ನಾ ಮೊದಲ ಹೇಳಿದ್ರ ಉಳಸಾಕ ಬರ್ತಿತ್ತೇನು ಬೇಟಿ?"

ರುದ್ರೇಶ ಏನೋ ಹೇಳಲು ಬಾಯಿ ತೆರೆದ. ಅವನಿಗಿಂತ ಮೊದಲು ತನುಜಾ ಮಾತಾಡಿದಳು.

"ಇಲ್ರಿ ಚಾಚಾ. ಅದನ್ನ ಉಳಸಾಕ ಯಾರಿಗೂ ಬರ್ತಿರಲಿಲ್ರಿ."

"ಹಂಗಾರ ಯಾರ ತಪ್ಪೂ ಅಲ್ಲ ಬಿಡು," ಎಂದ ಅವನು. ದೊಡ್ಡ ಹೊರೆಯೊಂದನ್ನು ಇಳಿಸಿದವನ ಹಾಗೆ ಉಸಿರು ಬಿಟ್ಟ. "ತಾರೀಖು ಇವತ್ತಿಗೆ ತಂದು ಕೊಡು. ನಾಳೆ ಕೂಸಿನ ನಂಬರ್ ಐತಿ." ಮೊಬೈಲನ್ನು ವಸ್ತ್ರದಲ್ಲಿ ಸುತ್ತಿ, ಅಂಗಿಯೊಳಗೆ ಇಟ್ಟುಕೊಂಡು ಮಳೆಗೆ ಇಳಿದ.

ತನುಜಾ ತನ್ನ ಕುಡಿಯುವ ನೀರಿನ ಬಾಟಲಿಯಿಂದ ಅಂಗೈಗೆ ನೀರು ಸುರಿದುಕೊಂಡು ಎಲೆಯ ಕವಳಿಗೆ ಚಿಮುಕಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಿಮುಕಿಸಿದಳು. ಕವಳಿ ತೊಯ್ದು ತಪ್ಪಡಿಯಾಗಿ, ಗಾಜಿನ ಮೇಲೆಲ್ಲ ನೀರು ಹರಿದರೂ, ಅಂಗಡಿಯ ಬಾಗಿಲು ಎಳೆಯುವವರೆಗೂ ಅವಳ ಕೈ ನಿಲ್ಲಲಿಲ್ಲ.