ಹಸಿರು ಬಾಗಿಲಿನ ಕಿಲ್ಲಾ

ಜಮಾದಾರ ಚಮನಸಾಬ ಲಾಠಿಯನ್ನು ಅಂಗಳದಲ್ಲಿ ಕಟ್ಟಿದ್ದ ಪುಟ್ಟ ಮಣ್ಣಿನ ಗೋಡೆಗೆ ಅಡ್ಡ ಹಿಡಿದು ಅಳೆದ. ಸಮಾಧಾನವಾಗಲಿಲ್ಲ. ಇನ್ನೊಮ್ಮೆ ಅಳೆದ.

"ಏನಿದು?"

"ಕಿಲ್ಲಾ ರೀ," ಎಂದ ವಾಮನ. "ದೀಪಾವಳಿ ಅಲ್ಲೇನ್ರಿ?"

ಆಳಂದದಲ್ಲಿ ಮರಾಠಿಯ ನಂಟಿರುವ ಮನೆಗಳವರು ದೀಪಾವಳಿಗೆ ಅಂಗಳದಲ್ಲಿ ಮಣ್ಣಿನ ಕಿಲ್ಲಾ ಕಟ್ಟುವುದು ಹೊಸದಲ್ಲ. ಒಂದು ಗುಡ್ಡ, ಮೇಲೆ ಸಿಂಹಾಸನ, ಸುತ್ತ ಸಾಸಿವೆ ಚೆಲ್ಲಿ ಬೆಳೆಸಿದ ಹಸಿರು. ಅಷ್ಟೇ ಆಗಿದ್ದರೆ ಪೊಲೀಸರಿಗೆ ಅಲ್ಲೇನು ಕೆಲಸ? ಈ ಕಿಲ್ಲಾದಲ್ಲಿ ಗುಡ್ಡವೂ ಇರಲಿಲ್ಲ, ಸಿಂಹಾಸನವೂ ಇರಲಿಲ್ಲ. ಒಂದು ಹೊಳೆ, ಒಂದು ಮಾಳಿಗೆ ಮನೆ, ಮುಖಕ್ಕೆ ಕಾಡಿಗೆ ಬಳಿದ ಹತ್ತೊಂಬತ್ತು ಮಣ್ಣಿನ ಸಿಪಾಯಿಗಳು. ಮನೆಯ ಬಾಗಿಲಿಗೆ ಹಸಿರು ಬಣ್ಣ. ಊರ ಹೊರಗಿನ ಪೊಲೀಸ್ ನಾಕಾದ ಬಾಗಿಲೂ ಹಸಿರೇ.

ಆ ನಾಕಾದ ಕೋಣೆಯೊಳಗೆ ವಾಮನನ ಅಣ್ಣ ಪಾಂಡುರಂಗ ಮೂರು ತಿಂಗಳಿಂದ ಬಿದ್ದಿದ್ದ. ಆಗಸ್ಟಿನಲ್ಲಿ ನಿಜಾಮನ ನೆಲದ ಮೇಲೆ ತಿರಂಗಾ ಏರಿಸಿದ್ದು ಅವನ ತಪ್ಪು. ಪಾಡ್ಯದ ಮರುದಿನ ಅವನನ್ನು ಹೈದರಾಬಾದಿಗೆ ಸಾಗಿಸಬೇಕೆಂದು ಹುಕುಂ ಬಂದಿತ್ತು. ಅಲ್ಲಿಗೆ ಹೋದ ಮೇಲೆ ತಾಯಿ ಜಾನಕೀಬಾಯಿ ಹಿರಿಯ ಮಗನ ಮುಖ ಮತ್ತೆ ಕಾಣುವಳೋ ಇಲ್ಲವೋ, ಹೇಳುವವರಿರಲಿಲ್ಲ.

"ಸುಳ್ಳು ಹೇಳಬ್ಯಾಡ. ಇದು ನಮ್ಮ ನಾಕಾ."

"ಅಲ್ರಿ ಸಾಹೇಬರ, ಇದು ಬರ್ಮಾ. ಲಡಾಯಿಯೊಳಗ ನಮ್ಮ ತುಕಡಿ ಜಪಾನಿಯರ ಠಾಣೆ ಮ್ಯಾಲೆ ಬಿದ್ದಿತ್ತು. ಹೆಂಗಿತ್ತೋ ಹಂಗ ಕಟ್ಟೇನಿ. ಹತ್ತು ಮೊಳಕ್ಕ ಒಂದು ಗೇಣು."

"ಬರ್ಮಾದಾಗ ಹಸಿರು ಬಾಗಿಲಾ?"

ವಾಮನ ತಡವರಿಸಿದ. ಅಲ್ಲಿಯ ಬಾಗಿಲು ಬೂದು ಬಣ್ಣದ್ದು. ಅದಕ್ಕೆಂದು ಒಲೆಯ ಬೂದಿಯನ್ನೇ ಕಲಸಿಟ್ಟಿದ್ದ. "ಆಯಿ ಬ್ಯಾಡಂದಳ್ರಿ. ಹಬ್ಬದಾಗ ಬೂದಿ ಚಂದ ಕಾಣಂಗಿಲ್ಲ, ತುಳಸಿಕಟ್ಟಿಗೆ ತಂದ ಬಣ್ಣ ಉಳದದ, ಅದನ್ನ ಬಳಿ ಅಂದಳು."

ಇಂಥ ಉತ್ತರ ಯಾವ ಪೊಲೀಸನ ಗಂಟಲಲ್ಲಿ ಇಳಿದೀತು? ಚಮನಸಾಬ ವಾಮನನ ಊರುಗೋಲನ್ನೂ, ಮೊಣಕಾಲಿಗೇ ಮುಗಿದುಹೋಗಿದ್ದ ಎಡಗಾಲನ್ನೂ ನೋಡಿದ. ಇವನು ದಾಳಿಗೆ ಹೋಗಲಾರ, ನಿಜ. ಹೋಗುವವರಿಗೆ ಕಲಿಸಲು ಕಾಲು ಯಾಕೆ ಬೇಕು?

"ಪಾಡ್ಯದ ಮಧ್ಯಾಹ್ನ ಗಡಿ ಆಚೆ ಕ್ಯಾಂಪ್ ಹಾಕಿರೋ ತಿರಂಗಾ ಮಂದಿ ಇಲ್ಲಿ ಬಂದು ಈ ನಕ್ಷಾ ನೋಡ್ತಾರಂತ. ಸುದ್ದಿ ನನ್ನ ಮನೀತನಕ ಬಂದದ."

"ಯಾರು ಹೇಳಿದ್ರಿ?"

"ಹೇಳೋರು ಹೇಳ್ಯಾರ. ಅವರು ಬರೋತನಕ ಇದನ್ನ ಕೆಡವಿದಿ ಅಂದರ ನೋಡು ಮತ್ತ!"

ಜಮಾದಾರ ಹೋದ ಮೇಲೆ ವಾಮನ ನೆರೆಮನೆಯ ಕಡೆ ನೋಡಿದ. ಪಕ್ಕದ ಗೋಡೆಯಾಚೆ ದತ್ತಾತ್ರೇಯ ತನ್ನ ಚಕ್ಕಡಿಯ ಗಾಲಿಗೆ ಎಣ್ಣೆ ಬಿಡುತ್ತಿದ್ದ. ಒಂದು ವಾರದಿಂದ ಅವನು ಈ ಕಡೆ ಇಣುಕುವುದೂ, ವಾಮನ ನೋಡಿದರೆ ಮುಖ ತಿರುಗಿಸುವುದೂ ನಡೆದಿತ್ತು. ಚಾಡಿ ಹೇಳಿದ್ದು ಇವನೇ, ಸಂಶಯವೇ ಇಲ್ಲ.

"ಈಗಿಂದೀಗ ಕೆಡವತೇನಿ, ಆಯಿ. ಕಟ್ಟು ಕಟ್ಟು ಅಂತ ನೀನ ಬೆನ್ನು ಹತ್ತಿದಿ."

"ಕೆಡವಿದರ ಕಳ್ಳ ನಾನ ಅಂತ ಒಪ್ಪಿದಂಗ ಆಗ್ತದ," ಎಂದಳು ಜಾನಕೀಬಾಯಿ, ಉಂಡಿ ಕಟ್ಟುತ್ತಲೇ. "ಇರಲಿ ಬಿಡು. ಹೇಳಿದವರ ಹೊಟ್ಟಿ ತಣ್ಣಗಿರಲಿ."

ತಾಯಿ ಅಷ್ಟು ಮೆತ್ತಗೆ ಶಪಿಸಿದ್ದನ್ನು ವಾಮನ ಎಂದೂ ಕೇಳಿರಲಿಲ್ಲ. ಪಾಪ, ಒಬ್ಬ ಮಗ ಒಳಗೆ, ಇನ್ನೊಬ್ಬನೂ ಒಳಗೆ ಹೋಗುವ ಹಾಗಿದ್ದಾನೆ. ದನಿಯಾದರೂ ಎಲ್ಲಿಂದ ಬರಬೇಕು ಎಂದುಕೊಂಡ.

ಪಾಡ್ಯದ ನಡುಹಗಲು ಚಮನಸಾಬ ಐದು ಜನ ಸಿಪಾಯಿಗಳೊಡನೆ ಬಂದ. ಇಬ್ಬರು ಮಾಳಿಗೆಯ ಮೇಲೆ, ಇಬ್ಬರು ಜೋಳದ ಕಣಜದ ಹಿಂದೆ, ಒಬ್ಬ ಬಚ್ಚಲಲ್ಲಿ. ನಾಕಾ ನೋಡಿಕೊಳ್ಳಲು ಮುದುಕ ದಾವಲಸಾಬನೊಬ್ಬನೇ ಉಳಿದಿದ್ದ.

"ನೀ ಬಣ್ಣ ಹಚ್ಚಕೋತ ಕೂಡು," ಎಂದ ಚಮನಸಾಬ. "ಯಾರು ಬಂದರೂ ಹಿಡೀತೇವಿ."

ಒಂದು ತಾಸಾಯಿತು. ಯಾರೂ ಬರಲಿಲ್ಲ. ಜಾನಕೀಬಾಯಿ ಆರೂ ಮಂದಿಗೆ ಚಕ್ಕಲಿ, ಉಂಡಿ ತಂದಿಟ್ಟಳು. "ಹಬ್ಬದ ದಿನ ಬಂದೀರಿ, ತಿನ್ನದ ಹೋಗಬ್ಯಾಡ್ರಿ." ಬಚ್ಚಲಲ್ಲಿದ್ದವನಿಗೂ ಕೊಟ್ಟಳು.

ಬಾಯಾಡಿಸುತ್ತ ಚಮನಸಾಬ ಮಣ್ಣಿನ ಸಿಪಾಯಿಯೊಂದನ್ನು ಎತ್ತಿ ನೋಡಿದ. "ಖರೇನ ಬರ್ಮಾ ಆಗಿದ್ದರ ಹೇಳು, ಠಾಣೆ ಹೆಂಗ ಹೊಡದ್ರಿ?"

"ಹದಿನೈದು ಮಂದಿ ಈ ಹೊಳಿ ದಂಡಿಮ್ಯಾಲೆ ಬೆಂಕಿ ಹಚ್ಚಿ ಬೊಬ್ಬಿ ಹೊಡದ್ವಿರಿ. ಜಪಾನಿಯರೆಲ್ಲ ನಮ್ಮ ಕಡೀಗೇ ಓಡಿ ಬಂದರು. ಹಿಂದಿಂದ ನಾಕು ಮಂದಿ ಹೊಕ್ಕು ಕೆಲಸ ಮುಗಿಸಿದ್ರು."

"ನೀ?"

"ಹದಿನೈದರಾಗ. ನನ್ನ ಕಾಲು ಹೋಗಿದ್ದು ಅಲ್ಲೇ." ವಾಮನನ ದನಿ ಒರಟಾಯಿತು. "ನಾವು ಬರೇ ತೋರಿಕಿಗೆ ಅದೀವಂತ ನಮ್ಮ ಕಪ್ತಾನ ನಮಗ ಹೇಳಿರಲಿಲ್ರಿ. ಹೇಳಿದ್ದರ ಬೊಬ್ಬಿ ಖರೇ ಅನಸ್ತಿರಲಿಲ್ಲಂತ. ಆ ಸಿಟ್ಟು ನನಗ ಇನ್ನೂ ಹೋಗಿಲ್ಲ."

ಬಾಗಿಲಲ್ಲಿ ನಿಂತಿದ್ದ ಜಾನಕೀಬಾಯಿ ಖಾಲಿ ತಾಟು ಹಿಡಿದು ಒಳಗೆ ಹೋದಳು.

ಅಷ್ಟರಲ್ಲಿ ದಾವಲಸಾಬ ಓಡೋಡಿ ಬಂದ. ತಲೆಯ ಮೇಲೆ ಪಗಡಿ ಇರಲಿಲ್ಲ.

"ಕೋಣಿ ಖಾಲಿ ಆತ್ರಿ ಸಾಹೇಬರ! ನಾಕು ಮಂದಿ ಬಂದು ನನ್ನ ಕಟ್ಟಿ ಹಾಕಿ, ಕೀಲಿ ಕಸಗೊಂಡ್ರು. ಪಾಂಡುರಂಗನ್ನ ಚಕ್ಕಡಿಯೊಳಗ ಹಾಕ್ಕೊಂಡು ಹೋದ್ರು. ನಾ ಹಗ್ಗ ಬಿಡಿಸ್ಕೊಂಡು ಬರೋದರಾಗ ಗಡಿ ದಾಟಿರ್ತಾರ!"

ಚಮನಸಾಬ ವಾಮನನ ಕೊರಳಪಟ್ಟಿ ಹಿಡಿದು ಎತ್ತಿದ. ಎತ್ತಿದವನು ಹಾಗೆಯೇ ಬಿಟ್ಟ. ರಿಪೋರ್ಟಿನಲ್ಲಿ ಏನೆಂದು ಬರೆಯುವುದು? ನಡುಹಗಲಿಂದ ಇವನನ್ನು ಕಣ್ಣು ಮಿಟುಕಿಸದೆ ಕಾದವನು ತಾನೇ. ಆರೂ ಮಂದಿ ನಾಕಾದ ಕಡೆ ಓಡಿದರು.

ವಾಮನ ಅತ್ತುಬಿಟ್ಟ. ಅಣ್ಣ ಪಾರಾಗಿದ್ದ. ಕಣ್ಣೊರೆಸಿಕೊಂಡು ಗೋಡೆಯಾಚೆ ನೋಡಿದ. ದತ್ತಾತ್ರೇಯನೂ ಇಲ್ಲ, ಚಕ್ಕಡಿಯೂ ಇಲ್ಲ.

"ದತ್ತಾತ್ರೇಯ ನಮ್ಮಾಂವನ ಆಗಿದ್ದರ," ಎಂದ ನಿಧಾನವಾಗಿ, "ನನ್ನ ಮ್ಯಾಲೆ ಚಾಡಿ ಹೇಳಿದವರು ಯಾರು, ಆಯಿ?"

ಜಾನಕೀಬಾಯಿ ಮಗನ ಹತ್ತಿರ ಬಂದು ಕೂತು, ಅವನ ಮೊಂಡಗಾಲಿನ ಮೇಲೆ ಕೈಯಿಟ್ಟಳು. "ಜಮಾದಾರನ ಹೇಂತಿ ಮುಂದ ಹೇಳಿದಾಕಿ ನಾನಪ್ಪ; ನಿನ್ನ ಕಪ್ತಾನನ ಮ್ಯಾಲಿನ ಸಿಟ್ಟು ಇನ್ನ ನನ್ನ ಮ್ಯಾಲೆ ಹಾಕು."