ಕಾಗೆ ಮುಟ್ಟದ ಎಡೆ

ಕಡುಬಿನ ಹಿಟ್ಟಿಗೆ ಕೈ ಹಾಕುವುದಿಲ್ಲವೆಂದು ಚೆಲುವಮ್ಮ ಪಟ್ಟು ಹಿಡಿದು ಕೂತಳು.

"ಬದುಕಿರೋ ಮಗಳಿಗೆ ಎಡೆ ಇಕ್ಕಿದ್ರೆ ನಾನೇ ಕೊಂದಂಗಾಗ್ಬುಟ್ತದೆ. ಹೆಣ ತೋರ್ಸಿ, ಆಮೇಲೆ ಬೇಯಿಸ್ತೀನಿ."

"ಸಮುದ್ರಕ್ಕೆ ಬಿದ್ದೋರ ಹೆಣ ಎಲ್ಲಿಂದ ತರ್ಲಿ?" ಗಂಡ ಜವರಯ್ಯ ಕಣ್ಣೊರೆಸಿಕೊಂಡ. "ಆ ಜೀವಕ್ಕೊಂದು ದಾರಿ ಮಾಡೋಣ ಕಣೆ. ನಂಗೇನು ಸಂಕಟ ಇಲ್ವಾ?"

ಮಧುಶ್ರೀ ಅವರಿಗೆ ಒಬ್ಬಳೇ ಮಗಳು. ನರ್ಸಿಂಗ್ ಓದಿದ್ದಳು. ಪರದೇಶದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ, ಹಾನುಬಾಳಿನಲ್ಲಿ ಬಸ್ಸು ಹತ್ತಿ ಅವ್ವನಿಗೆ ಕೈಬೀಸಿ ಹೋದವಳು. ಅವಳಿಗೆ ಟಿಕೆಟ್ ಆಗಿದ್ದ ವಿಮಾನ ನಡುಸಮುದ್ರದ ಮೇಲೆ ಮಾಯವಾಯಿತು. ಒಂದು ಚೂರು ತಗಡೂ ಸಿಗಲಿಲ್ಲ.

ಊರಿಗೆ ಹಬ್ಬವಾಯಿತು. ಹಾಗೆನ್ನಬಾರದು, ಆದರೆ ಆದದ್ದು ಅದೇ. ತಿಮ್ಮಯ್ಯನ ಹೋಟೆಲಿನ ಟೀವಿ ಆರಲೇ ಇಲ್ಲ. ಇಡ್ಲಿ ಖಾಲಿಯಾದರೂ ಜನ ಬೆಂಚು ಬಿಟ್ಟೇಳಲಿಲ್ಲ. ಸಮುದ್ರವನ್ನೇ ಕಾಣದವರು ಅದರ ಆಳ ಹೇಳತೊಡಗಿದರು. ಪೈಲಟ್ಟೇ ಬೇಕಂತ ಮುಳುಗಿಸಿದ ಎಂದು ಒಬ್ಬ. ಯಾವುದೋ ದೇಶದವರು ಗುಟ್ಟಾಗಿ ಇಳಿಸಿಕೊಂಡಿದ್ದಾರೆ ಎಂದು ಇನ್ನೊಬ್ಬ. ಟೀವಿಯ ಜ್ಯೋತಿಷಿ ವಿಮಾನದ ಜಾತಕವನ್ನೇ ಬರೆದ. ಮೊಬೈಲಿನಲ್ಲಿ ಹರಿದಾಡಿದ ಪ್ರಯಾಣಿಕರ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಒಂದರಲ್ಲಿ ಯಾರೋ ಮಧು ಎಂಬ ಹೆಸರಿತ್ತು, ಊರಿಗೆ ಅಷ್ಟೇ ಸಾಕಾಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಅಷ್ಟೂ ಕಟ್ಟುಕಥೆಗಳಲ್ಲಿ ಚೆಲುವಮ್ಮ ಒಂದನ್ನು ಮಾತ್ರ ಸೆರಗಿಗೆ ಕಟ್ಟಿಕೊಂಡಳು. ವಿಮಾನ ಯಾವುದೋ ದ್ವೀಪದಲ್ಲಿ ಇಳಿದಿದೆ, ಜನ ಬದುಕಿದ್ದಾರೆ, ಫೋನ್ ಸಿಗುತ್ತಿಲ್ಲ ಅಷ್ಟೆ.

ಜವರಯ್ಯನನ್ನು ಊರೇ ಕೊಂಡಾಡಿತು. ತನ್ನ ದುಃಖ ನುಂಗಿಕೊಂಡು ಹೆಂಡತಿಯನ್ನು ಕಾದವನು ಅವನು. ಟೀವಿಯವರನ್ನು ಗೇಟಿನಿಂದಲೇ ವಾಪಸು ಕಳಿಸಿದ. ಮನೆಯ ಕೇಬಲ್ ಕೀಳಿಸಿದ. ಚೆಲುವಮ್ಮನ ಫೋನು ತನ್ನ ಜೇಬಿಗೆ ಹಾಕಿಕೊಂಡ. "ಕಂಡಕಂಡೋರೆಲ್ಲ ಏನೇನೋ ಕಳಿಸ್ತಾರೆ. ನೋಡಿದ್ರೆ ಇವ್ಳು ಎದೆ ಒಡ್ಕಂಡು ಸತ್ತೋಗ್ತಾಳೆ." ವಿಮಾನ ಕಂಪನಿಯವರನ್ನು ಕಂಡು ಬರೋಣವೆಂದು ಪಕ್ಕದ ಎಸ್ಟೇಟಿನ ಏಕಾಂತಯ್ಯ ಜೀಪು ತಂದರೆ, "ಪರಿಹಾರ ಈಸ್ಕೊಂಡ್ರೆ ಮಗಳನ್ನ ಮಾರ್ದಂಗಾಯ್ತದೆ ಮಾರಾಯ" ಎಂದು ಕೈಮುಗಿದ. ಏಕಾಂತಯ್ಯನ ಕಣ್ಣೂ ಒದ್ದೆಯಾಯಿತು.

ಜವರಯ್ಯನ ತಾಳ್ಮೆ ತಪ್ಪಿದ್ದು ತಾಯಮ್ಮನ ಮೇಲೆ ಮಾತ್ರ. ಇವರ ತೋಟದಲ್ಲಿ ಕಾಫಿ ಕುಯ್ಯುತ್ತ, ಆಳುಗಳ ಲೈನ್ ಮನೆಯಲ್ಲೇ ಬಾಳಿ, ಮಧುಶ್ರೀಯನ್ನು ಎತ್ತಿ ಆಡಿಸಿದವಳು. ವಿಮಾನದ ಸುದ್ದಿ ಬಂದ ವಾರವೇ, ಕೆಲಸ ಕಮ್ಮಿಯೆಂದು ಅವಳಿಂದ ಆ ಮನೆ ಖಾಲಿ ಮಾಡಿಸಿದ. ಅವಳು ದಾವಣಗೆರೆಯಲ್ಲಿ ಲಾರಿ ಓಡಿಸುವ ಮಗ ಯೋಗೇಶನ ಹತ್ತಿರ ಹೋದಳು. ಹೋದವಳು ಒಂದು ಬೆಳಿಗ್ಗೆ ಗೇಟಿನಾಚೆ ಬಂದು ನಿಂತು, "ಅಮ್ಮಾರೇ, ಒಂದ್ ಮಾತು" ಎಂದಳೋ ಇಲ್ಲವೋ, ಜವರಯ್ಯ ದೊಣ್ಣೆ ಎತ್ತಿದ. ಒಳಗೆ ಮಲಗಿದ್ದ ಚೆಲುವಮ್ಮನಿಗೆ ಬರೀ ಗದ್ದಲ ಕೇಳಿಸಿತು. ನೊಂದವನ ಕೋಪ ಎಂದು ಜನ ಸುಮ್ಮನಾದರು.

ಚೆಲುವಮ್ಮನ ಹಟ ಮುರಿದದ್ದು ನಾದಿನಿ ಲಿಂಗಮ್ಮ. "ದಾರಿ ಕಾಣ್ದೆ ಆ ನೀರಲ್ಲೇ ಅಲೀತಾ ಇರ್ತದೆ ಕಣತ್ತಿಗೆ ಮಗ. ಹಸ್ಕೊಂಡಿರ್ತದೆ."

ಹಸಿವು ಎಂದ ಮೇಲೆ ತಾಯಿ ಏನು ಮಾಡಿಯಾಳು? ಎದ್ದಳು. ಕಡುಬು ಕಟ್ಟಿದಳು, ಮಗಳು ಬೆರಳು ಚೀಪುತ್ತಿದ್ದ ಕೋಳಿಸಾರು ಕುದಿಸಿದಳು. ಒಂದೊಂದು ಉಂಡೆಗೂ ಅವಳಲ್ಲಿ ತಪ್ಪಾಯಿತೆಂದು ಬೇಡಿಕೊಂಡಳು.

ಹಳ್ಳದ ದಂಡೆಯಲ್ಲಿ ಮಧುಶ್ರೀ ಎಂದು ಹೆಸರಿಟ್ಟ ಹುಲ್ಲಿನ ಗೊಂಬೆ ಸುಟ್ಟರು. ಬಾಳೆಲೆಯ ಮೇಲೆ ಎಡೆ ಇಟ್ಟು ಎಲ್ಲರೂ ದೂರ ಸರಿದು ನಿಂತರು. ಇನ್ನು ಕಾಗೆ ಬಂದು ಮುಟ್ಟಬೇಕು. ಮುಟ್ಟಿದರೆ ಸತ್ತ ಜೀವ ಒಪ್ಪಿ ಹೊರಟಿತು ಎಂದು ಲೆಕ್ಕ. ಸಿಲ್ವರ್ ಓಕ್ ಮರದ ತುಂಬ ಕಾಗೆಗಳು ಕೂತಿದ್ದವು. ಒಂದೂ ಇಳಿಯಲಿಲ್ಲ.

ಬರಬೇಡ, ಬರಬೇಡ ಎಂದು ಚೆಲುವಮ್ಮ ಒಳಗೊಳಗೇ ಅನ್ನುತ್ತಿದ್ದಳು.

"ಏನೋ ಆಸೆ ಉಳ್ಕೊಂಡೈತೆ," ಎಂದಳು ಲಿಂಗಮ್ಮ. ಜವರಯ್ಯ ಹಳ್ಳದ ನೀರಿನಲ್ಲಿ ಬರಿಮೈಯಲ್ಲಿ ನಿಂತು ಕೈಮುಗಿದ. ಮಗಳ ಹೆಸರಲ್ಲಿ ಅನ್ನ ಹಾಕಿಸುತ್ತೇನೆಂದ. ಶಾಲೆಗೆ ಗಂಟೆ ಕೊಡಿಸುತ್ತೇನೆಂದ. ಕಾಗೆಗಳು ಕತ್ತು ಕೊಂಕಿಸಿ ನೋಡಿದವೇ ಹೊರತು ಅಲ್ಲಾಡಲಿಲ್ಲ.

"ಮದ್ವೆ ಆಸೆ ಇದ್ದಿರ್ಬೇಕು ಕಣ್ರೀ," ಎಂದ ತಿಮ್ಮಯ್ಯ.

"ಸುಮ್ಕಿರೋ!" ಜವರಯ್ಯ ಅಬ್ಬರಿಸಿದ.

ಆಗ ಕೊಂಬೆಗೆ ನೇತುಹಾಕಿದ್ದ ಜವರಯ್ಯನ ಅಂಗಿಯ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

"ಆ ಸದ್ದಿಗೇ ಕಾಗೆ ಬರ್ತಿಲ್ಲ, ಆರ್ಸಿ ಅತ್ತಿಗೆ," ಎಂದಳು ಲಿಂಗಮ್ಮ. ಅಂಗಿಯ ಪಕ್ಕದಲ್ಲೇ ಇದ್ದವಳು ಚೆಲುವಮ್ಮ. ತೆಗೆದು ನೋಡಿದರೆ ತನ್ನದೇ ಫೋನು. ಗುರುತಿಲ್ಲದ ನಂಬರು. ಅವಳಿಗೆ ದ್ವೀಪ ನೆನಪಾಯಿತು.

"ಮುಟ್ಬ್ಯಾಡ ಅದನ್ನ!" ಜವರಯ್ಯ ಕಲ್ಲುಗಳ ಮೇಲೆ ಜಾರುತ್ತ ದಡದ ಕಡೆ ಓಡಿ ಬಂದ. ಅವಳು ಆಗಲೇ ಕಿವಿಗಿಟ್ಟುಕೊಂಡಿದ್ದಳು.

ಬೆನ್ನ ಹಿಂದೆ ರೆಕ್ಕೆ ಬಡಿದ ಸದ್ದಾಯಿತು. ಜನ ಹೋ ಎಂದರು. "ಮುಟ್ತು! ಕಾಗೆ ಮುಟ್ತು! ಹೋಯ್ತು ಬುಡಿ, ಜೀವಕ್ಕೆ ನೆಮ್ಮದಿ ಆಯ್ತು!"

"ಅವ್ವಾ, ಕಡೆಗೂ ನೀನೇ ಎತ್ತಿದ್ಯಲ್ಲ! ವಿಮಾನ ಹತ್ತಲಿಲ್ಲ, ಮದ್ವೆ ಆಗಿ ದಾವಣಗೆರೇಲಿ ಇವ್ನಿ ಅಂತ ಅಪ್ಪಂಗೆ ಅವತ್ತೇ ಹೇಳಿದ್ನಲ್ಲವ್ವ. ತಾಯಮ್ಮತ್ತೇನ ಗೇಟಿಂದ ದೊಣ್ಣೆ ತಗಂಡು ಅಟ್ಸಿದ್ದೂ ನೀನೇ ಅಂತೆ, ಹೌದಾ?"